ಫ್ಯೂಷನ್ ವಿದ್ಯುತ್ತನ್ನು ಕಾನೂನಿನಲ್ಲಿ ‘ರಿನ್ಯೂವಬಲ್’ ಪಟ್ಟಿಗೆ ಸೇರಿಸಬೇಕೇ? ನಾರ್ತ್ ಕ್ಯಾರೊಲೈನಾ, ವಾಷಿಂಗ್ಟನ್ ಕಾಯ್ದೆಗಳ ಬಗ್ಗೆ ಚರ್ಚೆ

ಕಾವೇರಿಕಣಿವೆ (ಕ್ಯಾರಿ, ನಾರ್ತ್ ಕ್ಯಾರೊಲೈನಾ)

ಎಲ್ಲರಿಗೂ ನಮಸ್ಕಾರ. ನಾನಿರುವ ರಾಜ್ಯದ ಒಂದು ಕಾಯ್ದೆ ಬಗ್ಗೆ ನಮ್ಮವರ ಜೊತೆ ಕನ್ನಡದಲ್ಲೇ ಮಾತಾಡಬೇಕು ಅಂತ ಬಹಳ ದಿನದಿಂದ ಅನಿಸುತ್ತಿತ್ತು. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನವಾಗಿ ಓದಿ.

2007ರಲ್ಲಿ ನಾರ್ತ್ ಕ್ಯಾರೊಲೈನಾ ವಿದ್ಯುತ್ ಕಂಪನಿಗಳಿಗೆ ಒಂದು ಕಡ್ಡಾಯ ಪಾಲು ಹಾಕಿತು. ಡ್ಯೂಕ್ ಎನರ್ಜಿಯಂಥ ಖಾಸಗಿ ಕಂಪನಿಗಳು 2021ರ ಹೊತ್ತಿಗೆ ತಾವು ಮಾರುವ ಕರೆಂಟಿನ 12.5%ರಷ್ಟನ್ನು ರಿನ್ಯೂವಬಲ್ (ನವೀಕರಿಸಬಹುದಾದ) ಮೂಲಗಳಿಂದ ಅಥವಾ ವಿದ್ಯುತ್ ಉಳಿತಾಯದಿಂದ ತೋರಿಸಬೇಕು. ಸೋಲಾರ್, ಗಾಳಿ, ಸಣ್ಣ ಜಲವಿದ್ಯುತ್ ಎಲ್ಲ ಅದರಲ್ಲಿವೆ. ಹಂದಿ ಮತ್ತು ಕೋಳಿ ಫಾರಂಗಳ ಗೊಬ್ಬರದಿಂದ ಮಾಡುವ ವಿದ್ಯುತ್ತಿಗೂ ಪ್ರತ್ಯೇಕ ಪಾಲಿದೆ, ಯಾಕೆಂದರೆ ಇಲ್ಲಿ ಅದು ದೊಡ್ಡ ಕಸುಬು. ಈ ಕಾಯ್ದೆಯ ಜೊತೆಗೆ ಇನ್ನೂ ಒಂದೆರಡು ನೀತಿಗಳು ಸೇರಿ ಸೋಲಾರ್‌ನಲ್ಲಿ ಈ ರಾಜ್ಯ ಕೆಲವು ವರ್ಷ ಕ್ಯಾಲಿಫೋರ್ನಿಯಾದ ನಂತರದ ಸ್ಥಾನದಲ್ಲಿತ್ತು.

2023ರಲ್ಲಿ ಸೆನೆಟ್ ಬಿಲ್ 678 ಬಂತು. ಆಗಿನ ಗವರ್ನರ್ ರಾಯ್ ಕೂಪರ್ ವೀಟೊ ಮಾಡಿದರು. ಅಕ್ಟೋಬರ್‌ನಲ್ಲಿ ಶಾಸನಸಭೆ ಆ ವೀಟೊವನ್ನು ತಳ್ಳಿಹಾಕಿ ಬಿಲ್ ಜಾರಿ ಮಾಡಿತು. ಇಲ್ಲಿ ಗಮನಿಸಬೇಕಾದ್ದು ಏನು ಗೊತ್ತಾ? ಈ ಕಾಯ್ದೆ ಫ್ಯೂಷನ್ನನ್ನು (ಪರಮಾಣುಗಳನ್ನು ಒಡೆಯದೆ, ಹಗುರವಾದವನ್ನು ಬೆಸೆದು ಶಕ್ತಿ ಪಡೆಯುವ ವಿಧಾನ) ರಿನ್ಯೂವಬಲ್ ಅಂತ ಕರೆಯಲಿಲ್ಲ. ರಿನ್ಯೂವಬಲ್ ಅನ್ನುವ ಪದವನ್ನೇ ಕಾನೂನಿನಿಂದ ತೆಗೆದು ಅಲ್ಲಿ ‘ಕ್ಲೀನ್ ಎನರ್ಜಿ’ ಅಂತ ಹಾಕಿತು. ಆ ಪಟ್ಟಿಗೆ ಪರಮಾಣು ವಿದ್ಯುತ್, ಪರಮಾಣು ಸ್ಥಾವರಗಳ ಸಾಮರ್ಥ್ಯ ಏರಿಸಿದ ಭಾಗ, ಫ್ಯೂಷನ್ ಮೂರನ್ನೂ ಸೇರಿಸಿತು. ಕಡ್ಡಾಯ ಪಾಲು ಮಾತ್ರ 12.5%ರಲ್ಲೇ ಉಳಿಯಿತು.

ನನಗೆ ಫ್ಯೂಷನ್ ಬೇಕು. ನಮ್ಮ ಮಕ್ಕಳ ಕಾಲಕ್ಕಾದರೂ ಅದು ಬರಲಿ ಅಂತ ಮನಸಾರೆ ಬಯಸುತ್ತೇನೆ. ಆದರೆ ಸೋಲಾರ್, ಗಾಳಿಗೆ ಅಂತ ಇಟ್ಟ ಪಾಲಿನೊಳಗೆ ಅದನ್ನು ಕೂರಿಸುವುದು ಸರಿಯಲ್ಲ. ಅದಕ್ಕೆ ಕಾನೂನಿನಲ್ಲಿ ಅದರದೇ ಜಾಗ ಕೊಡಬೇಕು. ನೀವೇನಂತೀರಿ?

ಕರೆಂಟ್‌ಬಿಲ್ (ದಾವಣಗೆರೆ)

ಒಳ್ಳೆ ವಿಷಯ ಸರ್. ನನ್ನದೊಂದು ಸರಳ ಪ್ರಶ್ನೆ. ಸೂರ್ಯನೊಳಗೆ ನಡೆಯುವುದೂ ಫ್ಯೂಷನ್ನೇ ಅಲ್ವಾ? ಆ ಬಿಸಿಲಿನಿಂದ ಮಾಡಿದ ಕರೆಂಟ್ ರಿನ್ಯೂವಬಲ್ ಆದರೆ, ಅದೇ ಕ್ರಿಯೆಯನ್ನು ಇಲ್ಲಿ ಯಂತ್ರದಲ್ಲಿ ಮಾಡಿದರೆ ಯಾಕೆ ಆಗಲ್ಲ? ಸಮುದ್ರದ ನೀರೇ ಇಂಧನ, ಅದು ಮುಗಿಯೋದೇ ಇಲ್ಲ ಅಂತ ಓದಿದ್ದೇನೆ.

ಪ್ಲಾಸ್ಮಾದಾರಿ (ಗಾಂಧಿನಗರ, ಗುಜರಾತ್)

ಈ ಪ್ರಶ್ನೆ ಸರಳ ಅಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸೂರ್ಯನಲ್ಲಿ ಬೆಸೆಯುವುದು ಸಾಮಾನ್ಯ ಹೈಡ್ರೋಜನ್. ಭೂಮಿಯ ಮೇಲೆ ಅದನ್ನು ನಕಲು ಮಾಡಲು ಆಗುವುದಿಲ್ಲ, ತೀರಾ ನಿಧಾನ. ಹೆಚ್ಚಿನ ಕಂಪನಿಗಳು, ಜೊತೆಗೆ ಹಲವು ದೇಶಗಳು ಸೇರಿ ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಇಟರ್ ಯೋಜನೆ, ಆರಿಸಿಕೊಂಡಿರುವುದು ಹೈಡ್ರೋಜನ್ನಿನ ಭಾರದ ರೂಪಗಳಾದ ಡ್ಯೂಟೇರಿಯಂ ಮತ್ತು ಟ್ರಿಟಿಯಂ ಜೋಡಿಯನ್ನು. ಡ್ಯೂಟೇರಿಯಂ ವಿಷಯದಲ್ಲಿ ನೀವು ಹೇಳಿದ್ದು ನಿಜ. ಒಂದು ಟನ್ ಸಮುದ್ರದ ನೀರಿನಲ್ಲಿ ಸುಮಾರು 33 ಗ್ರಾಂ ಇರುತ್ತದೆ. ಮುಗಿಯುವ ಮಾತೇ ಇಲ್ಲ.

ಕಷ್ಟ ಇರುವುದು ಟ್ರಿಟಿಯಂನಲ್ಲಿ. ಅದು ವಿಕಿರಣ ವಸ್ತು, ಅರ್ಧಾಯುಷ್ಯ ಬರೀ 12.3 ವರ್ಷ, ಅಂದರೆ ಅಷ್ಟರಲ್ಲಿ ಅರ್ಧ ಕರಗಿಹೋಗುತ್ತದೆ. ಹಾಗಾಗಿ ಪ್ರಕೃತಿಯಲ್ಲಿ ನೆಚ್ಚಿಕೊಳ್ಳುವಷ್ಟು ಸಿಗುವುದಿಲ್ಲ. ಇಡೀ ಜಗತ್ತಿನ ನಾಗರಿಕ ದಾಸ್ತಾನು ಕೆಲವೇ ಹತ್ತು ಕಿಲೋಗಳ ಲೆಕ್ಕದಲ್ಲಿದೆ. ಅದರಲ್ಲಿ ಹೆಚ್ಚಿನದು ಕೆನಡಾದ ಭಾರಜಲ (ಡ್ಯೂಟೇರಿಯಂ ತುಂಬಿದ ನೀರು) ರಿಯಾಕ್ಟರ್‌ಗಳಿಂದ ಬಂದದ್ದು. ನಮ್ಮ ಕೈಗಾದಲ್ಲಿರುವುದೂ ಭಾರಜಲ ರಿಯಾಕ್ಟರ್‌ಗಳೇ, ಅಲ್ಲಿನ ಭಾರಜಲದಲ್ಲೂ ಟ್ರಿಟಿಯಂ ಹುಟ್ಟುತ್ತದೆ. ಈಗ ಬೇಡಿಕೆ ನೋಡಿ. 1000 ಮೆಗಾವಾಟ್ ಫ್ಯೂಷನ್ ಶಾಖ ವರ್ಷಪೂರ್ತಿ ಬೇಕೆಂದರೆ ಸುಮಾರು 55 ಕಿಲೋ ಟ್ರಿಟಿಯಂ ಉರಿಯಬೇಕು. ಅಂದರೆ ಸ್ಥಾವರ ತನ್ನ ಟ್ರಿಟಿಯಂ ಅನ್ನು ತಾನೇ ತಯಾರಿಸಿಕೊಳ್ಳಬೇಕು. ಅದಕ್ಕೆ ಯಂತ್ರದ ಸುತ್ತ ಲಿಥಿಯಂ ಹೊದಿಕೆ ಇಡಬೇಕು, ನ್ಯೂಟ್ರಾನ್ ಕಣ ತಗುಲಿ ಆ ಲಿಥಿಯಂನಿಂದ ಟ್ರಿಟಿಯಂ ಹುಟ್ಟುತ್ತದೆ. ಅದರಲ್ಲೂ ಮುಖ್ಯವಾಗಿ ಬೇಕಾದ ಲಿಥಿಯಂ-6 ಅನ್ನುವ ಬಗೆ, ಗಣಿಯಿಂದ ಬರುವ ಲಿಥಿಯಂನಲ್ಲಿ 7.5% ಮಾತ್ರ. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಓಕ್ ರಿಡ್ಜ್‌ನಲ್ಲಿ ಪಾದರಸ ಬಳಸಿ ಅದನ್ನು ಬೇರ್ಪಡಿಸಿದರು. ಆ ಪಾದರಸ ಮಣ್ಣು, ಹೊಳೆ ಸೇರಿ ಆದ ಮಾಲಿನ್ಯವನ್ನು ಇವತ್ತಿಗೂ ತೊಳೆಯುತ್ತಿದ್ದಾರೆ.

ಹಾಗಂತ ಇದರಿಂದಲೇ ತೀರ್ಪು ಕೊಡಬೇಡಿ. ಭೂಶಾಖದ ವಿದ್ಯುತ್ತನ್ನು ಎಲ್ಲ ಕಡೆ ರಿನ್ಯೂವಬಲ್ ಅಂತಲೇ ಎಣಿಸುತ್ತಾರೆ. ಆದರೆ ಕ್ಯಾಲಿಫೋರ್ನಿಯಾದ ಗೀಸರ್ಸ್ ಕ್ಷೇತ್ರದಲ್ಲಿ 1980ರ ದಶಕದ ಕೊನೆಗೆ ಹಬೆ ಇಳಿಯುತ್ತಾ ಬಂತು. ಆಮೇಲೆ ಶುದ್ಧೀಕರಿಸಿದ ಚರಂಡಿ ನೀರನ್ನು ನೆಲದೊಳಗೆ ತುಂಬಿ ಹಬೆ ಉಳಿಸಿಕೊಂಡರು. ಕಾನೂನಿನ ಪಟ್ಟಿ ಭೌತಶಾಸ್ತ್ರ ನೋಡಿ ಮಾಡಿದ್ದಲ್ಲ. ಯಾವುದನ್ನು ಬೆಳೆಸಬೇಕು ಅಂತ ಶಾಸಕರು ತೀರ್ಮಾನಿಸಿದರೋ ಅದರ ಪಟ್ಟಿ ಅದು.

ಕರೆಂಟ್‌ಬಿಲ್

ಪಾದರಸದ ವಿಷಯ ಗೊತ್ತೇ ಇರಲಿಲ್ಲ. ಥ್ಯಾಂಕ್ಸ್ ಸರ್.

ಪಡುವಣಗಾಳಿ (ವಾಷಿಂಗ್ಟನ್ ರಾಜ್ಯ)

ನಮ್ಮ ರಾಜ್ಯದ ದಾರಿ ಬೇರೆ. ಅದನ್ನೂ ನೋಡಿ.

2019ರ ಸ್ವಚ್ಛ ಇಂಧನ ಪರಿವರ್ತನೆ ಕಾಯ್ದೆಯಲ್ಲಿ ಮೊದಲೇ ಎರಡು ಗುಂಪು ಮಾಡಿದ್ದಾರೆ. ಒಂದು ರಿನ್ಯೂವಬಲ್. ಅದರಲ್ಲಿ ನೀರು, ಗಾಳಿ, ಬಿಸಿಲು, ಭೂಶಾಖ, ಅಲೆ ಇತ್ಯಾದಿ. ಇನ್ನೊಂದು ‘ನಾನ್‌ಎಮಿಟಿಂಗ್’, ಅಂದರೆ ಹಸಿರುಮನೆ ಅನಿಲ ಬಿಡದ ಬೇರೆ ಮೂಲಗಳು. 2045ಕ್ಕೆ ರಾಜ್ಯದ ಎಲ್ಲ ವಿದ್ಯುತ್ ಈ ಎರಡರಿಂದ ಬರಬೇಕು. ಪರಮಾಣು ಎರಡನೇ ಗುಂಪಿಗೆ ಸೇರುತ್ತದೆ. ಫ್ಯೂಷನ್ ಬಂದರೂ ಅಲ್ಲಿಗೇ. ಯಾರೂ ಅದಕ್ಕೆ ಹೊಸ ಹೆಸರು ಇಡಬೇಕಾಗಿಲ್ಲ. ಕ್ಯಾಲಿಫೋರ್ನಿಯಾದ 2018ರ ಕಾನೂನೂ ಹೀಗೇ, ‘ರಿನ್ಯೂವಬಲ್ ಮತ್ತು ಶೂನ್ಯ ಇಂಗಾಲ’ ಅಂತ ಜೋಡಿಸಿ ಬರೆದಿದೆ.

ಇಲ್ಲಿ ಫ್ಯೂಷನ್ ದೂರದ ಮಾತಲ್ಲ. ಎವರೆಟ್‌ನ ಹೀಲಿಯನ್ ಕಂಪನಿ 2028ರಿಂದ 50 ಮೆಗಾವಾಟ್ ಕೊಡುತ್ತೇವೆ ಅಂತ 2023ರಲ್ಲಿ ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡಿದೆ. 2025ರ ಜುಲೈನಲ್ಲಿ ಶೆಲಾನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದಂತೆ) ಮಲಾಗಾದಲ್ಲಿ ಕೆಲಸವನ್ನೂ ಶುರು ಮಾಡಿತು. ಅವರದು ಟ್ರಿಟಿಯಂ ಅಲ್ಲ, ಡ್ಯೂಟೇರಿಯಂ ಮತ್ತು ಹೀಲಿಯಂ-3 (ಹೀಲಿಯಂನ ಹಗುರ ರೂಪ) ದಾರಿ. ಆಗುತ್ತೋ ಇಲ್ಲವೋ ನೋಡಬೇಕು. ಇವತ್ತಿನವರೆಗೆ ಯಾವ ಫ್ಯೂಷನ್ ಯಂತ್ರವೂ ವಿದ್ಯುತ್ ಜಾಲಕ್ಕೆ ಒಂದು ಯೂನಿಟ್ ನಿವ್ವಳ ಕರೆಂಟ್ ಕೊಟ್ಟಿಲ್ಲ ಅನ್ನುವುದನ್ನು ಮರೆಯಬಾರದು.

ನನ್ನ ಮಟ್ಟಿಗೆ ನಿಜವಾದ ಪ್ರಶ್ನೆ ಜಾಗದ್ದು. ವಾಷಿಂಗ್ಟನ್‌ನಲ್ಲಿ ದೊಡ್ಡ ವಿದ್ಯುತ್ ಯೋಜನೆಗಳಿಗೆ ರಾಜ್ಯಮಟ್ಟದಲ್ಲಿ ಅನುಮತಿ ಪರಿಶೀಲಿಸುವ ಒಂದು ಮಂಡಳಿ ಇದೆ. ಅದು ಗವರ್ನರ್‌ಗೆ ಶಿಫಾರಸು ಮಾಡುತ್ತದೆ. 2025ರಲ್ಲಿ ಆ ಮಂಡಳಿಗೆ ಹೋಗಬಹುದಾದ ಯೋಜನೆಗಳ ಪಟ್ಟಿಗೆ ಫ್ಯೂಷನ್ನನ್ನು ಸೇರಿಸಿದರು. ಇದರಿಂದ ಕಂಪನಿಗೆ ಒಂದೇ ಕಿಟಕಿ ಸಿಗುತ್ತದೆ. ಆದರೆ ಊರಿನವರ ಮಾತು ಕೌಂಟಿ ಕಚೇರಿಯಿಂದ ರಾಜ್ಯದ ರಾಜಧಾನಿಗೆ ಹೋಗಿ ಕೂರುತ್ತದೆ. ಇಂಥ ಬದಲಾವಣೆ ಪತ್ರಿಕೆಯ ಮುಖಪುಟಕ್ಕೆ ಬರುವುದಿಲ್ಲ. ರಿನ್ಯೂವಬಲ್ ಹೌದೋ ಅಲ್ಲವೋ ಅನ್ನುವ ಜಗಳ ಬರುತ್ತದೆ.

ಹೊಸಬೆಳಕು (ಬಾಸ್ಟನ್ ಹತ್ತಿರ)

ನಾನು ಕಾವೇರಿಕಣಿವೆ ಅವರಿಗೆ ವಿರುದ್ಧವಾಗಿ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

2007ರಲ್ಲಿ ಸೋಲಾರ್ ಎಷ್ಟು ದುಬಾರಿ ಇತ್ತು ನೆನಪಿದೆಯಾ? ಆಗಲೂ ‘ಇದು ನಡೆಯಲ್ಲ, ಸುಮ್ನೆ ದುಡ್ಡು ದಂಡ’ ಅನ್ನುವವರು ಬೇಕಾದಷ್ಟಿದ್ದರು. ಕಾನೂನು ಕೈ ಹಿಡಿದಿದ್ದರಿಂದಲೇ ಕಾರ್ಖಾನೆಗಳು ಬಂದವು, ಬೆಲೆ ಇಳಿಯಿತು. ಅದೇ ಅವಕಾಶವನ್ನು ಫ್ಯೂಷನ್‌ಗೆ ಯಾಕೆ ಕೊಡಬಾರದು? ಇಲ್ಲಿ ಡೆವೆನ್ಸ್‌ನಲ್ಲಿ ಕಾಮನ್‌ವೆಲ್ತ್ ಫ್ಯೂಷನ್ ಕಂಪನಿ ಸ್ಪಾರ್ಕ್ ಅನ್ನುವ ಪ್ರಾಯೋಗಿಕ ಫ್ಯೂಷನ್ ಯಂತ್ರ ಕಟ್ಟುತ್ತಿದೆ. ಅವರ ಮುಂದಿನ ಸ್ಥಾವರ ವರ್ಜೀನಿಯಾದ ಚೆಸ್ಟರ್‌ಫೀಲ್ಡ್ ಕೌಂಟಿಯಲ್ಲಿ, ಸುಮಾರು 400 ಮೆಗಾವಾಟ್, 2030ರ ದಶಕದ ಆರಂಭಕ್ಕೆ ಅಂತ ಹೇಳಿದ್ದಾರೆ. ಹಣ ಹಾಕುವವರು ಮೊದಲು ಕೇಳುವುದು ‘ನಿಮ್ಮ ಕರೆಂಟ್ ಯಾವ ಪಟ್ಟಿಯಲ್ಲಿದೆ’ ಅಂತ. ಪಟ್ಟಿಯಲ್ಲಿ ಹೆಸರಿಲ್ಲದ ತಂತ್ರಜ್ಞಾನಕ್ಕೆ ಬ್ಯಾಂಕು ಸಾಲ ಕೊಡುವುದು ಕಷ್ಟ.

ಹೊಗೆ ಇಲ್ಲ, ಇಂಗಾಲ ಇಲ್ಲ, ರಾತ್ರಿಯೂ ಓಡುತ್ತದೆ, ಜಾಗ ಕಡಿಮೆ ಸಾಕು. ಹವಾಮಾನದ ದೃಷ್ಟಿಯಿಂದ ನೋಡಿದರೆ ಇದನ್ನು ಹೊರಗಿಡಲು ನನಗೆ ಕಾರಣ ಕಾಣುತ್ತಿಲ್ಲ.

ಸೂರ್ಯಪಾನ (ತುಮಕೂರು ಜಿಲ್ಲೆ)

ನಾನು ಪಾವಗಡ ಕಡೆಯವನು, ಸೋಲಾರ್ ಕೆಲಸದಲ್ಲೇ ಇರುವವನು. ಕಡ್ಡಾಯ ಪಾಲು ಹೇಗೆ ನಡೆಯುತ್ತದೆ ಅನ್ನುವುದನ್ನು ಲೆಕ್ಕದಲ್ಲೇ ತೋರಿಸುತ್ತೇನೆ.

400 ಮೆಗಾವಾಟ್ ಫ್ಯೂಷನ್ ಸ್ಥಾವರ 90% ಹೊತ್ತು ಓಡಿತು ಅಂದುಕೊಳ್ಳಿ. ವರ್ಷಕ್ಕೆ 315 ಕೋಟಿ ಯೂನಿಟ್ ಬರುತ್ತದೆ. ಅಷ್ಟೇ ಸಾಮರ್ಥ್ಯದ ಸೋಲಾರ್ ಪಾರ್ಕ್, ಪಾವಗಡದಂಥ ಒಳ್ಳೆ ಬಿಸಿಲಿರುವ ಕಡೆ, 80 ಕೋಟಿ ಯೂನಿಟ್ ಆಸುಪಾಸು ಕೊಡುತ್ತದೆ. ಕಂಪನಿಯ ಮೇಲಿರುವ ಪಾಲು 12.5% ಅಂತ ಗಟ್ಟಿಯಾಗಿ ನಿಂತಿದ್ದರೆ, ಒಂದು ಫ್ಯೂಷನ್ ಸ್ಥಾವರ ಬಂದ ದಿನ ನಾಲ್ಕು ಸೋಲಾರ್ ಪಾರ್ಕ್‌ಗಳ ಸರ್ಟಿಫಿಕೇಟ್ (ಇಷ್ಟು ಯೂನಿಟ್ ಮಾಡಿದ್ದೇವೆ ಅಂತ ಪಾಲಿನ ಲೆಕ್ಕಕ್ಕೆ ತೋರಿಸುವ ಪತ್ರ) ಬೇಡವಾಗುತ್ತದೆ. ಇಂಗಾಲದ ಲೆಕ್ಕದಲ್ಲಿ ಜಗತ್ತಿಗೆ ಹೆಚ್ಚಿನ ಲಾಭ ಏನೂ ಇಲ್ಲ, ಒಂದು ಶುದ್ಧ ಮೂಲದ ಜಾಗಕ್ಕೆ ಇನ್ನೊಂದು ಶುದ್ಧ ಮೂಲ ಬಂತು, ಅಷ್ಟೇ. ಕಲ್ಲಿದ್ದಲು, ಗ್ಯಾಸ್ ಅಲ್ಲೇ ಇರುತ್ತವೆ. ಹೊಸ ಮೂಲ ಸೇರಿಸುವವರು ಪಾಲನ್ನೂ ಏರಿಸಬೇಕು. ಏರಿಸದೆ ಸೇರಿಸಿದರೆ ಪೆಟ್ಟು ಬೀಳುವುದು ನಮ್ಮಂಥ ಚಿಕ್ಕವರಿಗೆ.

ಫ್ಯೂಷನ್ ಬರುವ ಮೊದಲೇ ಈ ಪೆಟ್ಟು ಬೀಳಬಹುದು. ನಾರ್ತ್ ಕ್ಯಾರೊಲೈನಾ ಪಟ್ಟಿಯಲ್ಲಿ ಫ್ಯೂಷನ್ ಜೊತೆ ಪರಮಾಣು ಸಾಮರ್ಥ್ಯ ಏರಿಕೆಯೂ ಇದೆಯಲ್ಲ, ಅದು ನಾಳೆಯೇ ಆಗಬಹುದಾದ ಕೆಲಸ. ಇದ್ದ ಸ್ಥಾವರದಲ್ಲಿ ಟರ್ಬೈನ್ ಬದಲಿಸಿದರೂ ಆದೀತು.

ಕಾವೇರಿಕಣಿವೆ

ಸೂರ್ಯಪಾನ ಅವರೇ, ನಾನು ಹೇಳಬೇಕಿದ್ದ ಮಾತನ್ನು ನನಗಿಂತ ಚೆನ್ನಾಗಿ ಹೇಳಿದಿರಿ. ಇನ್ನೊಂದು ಸೇರಿಸುತ್ತೇನೆ. ಇಲ್ಲಿ 2021ರ ಕಾನೂನಿನಲ್ಲಿ 2030ಕ್ಕೆ ಇಂಗಾಲವನ್ನು 70% ಇಳಿಸುವ ಗುರಿ ಇತ್ತು. ಅದನ್ನು 2025ರ ಜುಲೈನಲ್ಲಿ, ಮತ್ತೆ ಗವರ್ನರ್ ವೀಟೊ ಮೀರಿ, ತೆಗೆದುಹಾಕಿದರು. ಪಟ್ಟಿ ದೊಡ್ಡದಾಯಿತು, ಗುರಿ ಹೋಯಿತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಆತಂಕ ಆಗುತ್ತದೆ.

ಹೊಸಬೆಳಕು ಅವರೇ, ನಿಮ್ಮ ಮಾತು ಬೇಜಾರು ತರುವಂಥದ್ದಲ್ಲ. ಆದರೆ ಸೋಲಾರ್ ಹೋಲಿಕೆ ಪೂರ್ತಿ ಕೂಡುವುದಿಲ್ಲ. 2007ರಲ್ಲಿ ಸೋಲಾರ್ ಪ್ಯಾನೆಲ್ ದುಬಾರಿ ಇದ್ದರೂ ಕರೆಂಟ್ ಕೊಡುತ್ತಿತ್ತು. ಮನೆ ಮೇಲೆ ಹಾಕಿದರೆ ಮೀಟರ್ ಓಡುತ್ತಿತ್ತು. ಅಂಥದ್ದಕ್ಕೆ ಮಾರುಕಟ್ಟೆ ಪಾಲು ಕೊಟ್ಟರೆ ಬೆಲೆ ಇಳಿಯುತ್ತದೆ. ಫ್ಯೂಷನ್ ಇನ್ನೂ ಪ್ರಯೋಗಶಾಲೆಯ ಹಂತದಲ್ಲಿದೆ. 2022ರ ಡಿಸೆಂಬರ್ 5ರಂದು ಲಿವರ್‌ಮೋರ್ ಪ್ರಯೋಗಾಲಯದಲ್ಲಿ 2.05 ಮೆಗಾಜೂಲ್ ಲೇಸರ್ ಶಕ್ತಿ ಹಾಕಿ 3.15 ಮೆಗಾಜೂಲ್ ಫ್ಯೂಷನ್ ಶಕ್ತಿ ಪಡೆದರು. ಚರಿತ್ರೆಯಲ್ಲೇ ಮೊದಲು, ನನಗೂ ರೋಮಾಂಚನ ಆಗಿತ್ತು. ಆದರೆ ಆ ಲೇಸರ್ ಹಾರಿಸಲು ಜಾಲದಿಂದ ಎಳೆದದ್ದು ಸುಮಾರು 300 ಮೆಗಾಜೂಲ್. ಈ ಹಂತದಲ್ಲಿ ಬೇಕಾದದ್ದು ಸಂಶೋಧನೆಗೆ ನೇರ ಹಣ, ತೆರಿಗೆ ರಿಯಾಯಿತಿ. ಅದನ್ನು ಧಾರಾಳವಾಗಿ ಕೊಡಲಿ.

ಬ್ಯಾಂಕಿನ ವಿಷಯಕ್ಕೆ ಬಂದರೆ, ಮೈಕ್ರೋಸಾಫ್ಟ್ ಒಪ್ಪಂದ 2023ರ ಮೇನಲ್ಲಿ ಆಯಿತು. ಗೂಗಲ್ 2025ರಲ್ಲಿ ವರ್ಜೀನಿಯಾ ಸ್ಥಾವರದಿಂದ 200 ಮೆಗಾವಾಟ್ ಕೊಳ್ಳಲು ಒಪ್ಪಿತು. ಇಬ್ಬರೂ ಹುಡುಕುತ್ತಿರುವುದು ಇಂಗಾಲ ಇಲ್ಲದ, ಇಪ್ಪತ್ನಾಲ್ಕು ಗಂಟೆಯ ಕರೆಂಟ್. ರಿನ್ಯೂವಬಲ್ ಮುದ್ರೆಗೆ ಅವರು ಕಾಯುತ್ತಾ ಕೂರಲಿಲ್ಲ.

ಇನ್ನೊಂದು ಭಯವೂ ಇದೆ. ಒಮ್ಮೆ ಪಟ್ಟಿಯನ್ನು ಹಿಗ್ಗಿಸುವ ಚಾಳಿ ಬಂದರೆ ಎಲ್ಲಿ ನಿಲ್ಲುತ್ತದೆ? 2023ರ ಜನವರಿಯಲ್ಲಿ ಒಹಾಯೊ ರಾಜ್ಯ ನೈಸರ್ಗಿಕ ಅನಿಲವನ್ನು ‘ಗ್ರೀನ್ ಎನರ್ಜಿ’ ಅಂತ ಕಾನೂನಿನಲ್ಲೇ ಬರೆಯಿತು. ಉರಿಸಿದರೆ ಇಂಗಾಲದ ಡೈಆಕ್ಸೈಡ್ ಬಿಡುವ ಅನಿಲ! ಫ್ಯೂಷನ್‌ನಂಥ ಒಳ್ಳೆಯ ವಸ್ತುವನ್ನು ಆ ಸಾಲಿನಲ್ಲಿ ನಿಲ್ಲಿಸುವುದು ಫ್ಯೂಷನ್‌ಗೇ ಅವಮಾನ.

ಶರಾವತಿದಂಡೆ (ಸಾಗರ)

ಅಮೆರಿಕದ ಚರ್ಚೆ ಓದುತ್ತಾ ನಮ್ಮೂರಿನ ವಿಷಯವೇ ಕಣ್ಣ ಮುಂದೆ ಬಂತು. ಹೇಳಿಬಿಡುತ್ತೇನೆ.

ನಮ್ಮ ದೇಶದಲ್ಲಿ 2019ರ ಮಾರ್ಚ್‌ವರೆಗೆ 25 ಮೆಗಾವಾಟ್ ಒಳಗಿನ ಜಲವಿದ್ಯುತ್ ಮಾತ್ರ ರಿನ್ಯೂವಬಲ್. ಆಮೇಲೆ ಕೇಂದ್ರ ಸಂಪುಟ ದೊಡ್ಡ ಜಲವಿದ್ಯುತ್ತನ್ನೂ ಸೇರಿಸಿತು. 1960ರ ದಶಕದಿಂದ ಓಡುತ್ತಿರುವ 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರ ಒಂದು ಆದೇಶದಿಂದ ರಿನ್ಯೂವಬಲ್ ಅಂಕಿಯೊಳಗೆ ಬಂತು. ನದಿ ಅದೇ, ಟರ್ಬೈನ್ ಅದೇ. ಬದಲಾದದ್ದು ಲೆಕ್ಕದ ಪುಸ್ತಕ.

ಆದರೆ ಆಗ ಒಂದು ಒಳ್ಳೆ ಕೆಲಸವನ್ನೂ ಮಾಡಿದರು. ವಿದ್ಯುತ್ ಕಂಪನಿಗಳ ಮೇಲೆ ಜಲವಿದ್ಯುತ್ತಿಗೆ ಅಂತಲೇ ಬೇರೆ ಕಡ್ಡಾಯ ಪಾಲು ಇಟ್ಟರು. 2019ರ ಮಾರ್ಚ್ 8ರ ನಂತರ ಶುರುವಾದ ಯೋಜನೆಗಳು ಮಾತ್ರ ಅದಕ್ಕೆ ಲೆಕ್ಕ ಅಂತ ಗೆರೆ ಎಳೆದರು. ಹಳೆ ಅಣೆಕಟ್ಟು ತೋರಿಸಿ ಸೋಲಾರ್ ಪಾಲು ತಪ್ಪಿಸಿಕೊಳ್ಳಲು ಆಗಲಿಲ್ಲ. ಕಾವೇರಿಕಣಿವೆ ಅವರು ಕೇಳುತ್ತಿರುವ ‘ಅದರದೇ ಜಾಗ’ ಇದೇ ಅಲ್ವಾ?

ಇನ್ನೊಂದು ಮಾತು. ಪಟ್ಟಿಯಲ್ಲಿ ಹೆಸರು ಬಂದರೆ ಎಲ್ಲ ಸರಿಯಾಯಿತು ಅಂತ ದಯವಿಟ್ಟು ತಿಳಿಯಬೇಡಿ. ಲಿಂಗನಮಕ್ಕಿ ಹಿನ್ನೀರಿಗೆ ಮನೆ, ಗದ್ದೆ ಬಿಟ್ಟು ಹೋದವರ ಕುಟುಂಬಗಳು ಭೂಮಿ ಹಕ್ಕಿಗಾಗಿ ಇವತ್ತಿಗೂ ಓಡಾಡುತ್ತಿವೆ. ಈಗ ಅದೇ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದೊಳಗೆ, 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿಟ್ಟು ಬೇಕಾದಾಗ ಇಳಿಸಿ ಕರೆಂಟ್ ಮಾಡುವ) ಯೋಜನೆ ತರಲು ಹೊರಟಿದ್ದಾರೆ. ಅದನ್ನು ಸಮರ್ಥಿಸುವವರೂ ಹಸಿರು ಇಂಧನದ ಹೆಸರನ್ನೇ ಹೇಳುತ್ತಾರೆ. ಪಡುವಣಗಾಳಿ ಅವರು ಹೇಳಿದ ಊರಿನವರ ಮಾತಿನ ವಿಷಯ ನನಗೆ ಬಹಳ ತಟ್ಟಿತು. ಮಲಾಗಾದವರನ್ನು ಕೇಳದೆ ಮುಂದೆ ಹೋಗಬಾರದು.

ಪಡುವಣಗಾಳಿ

ಶರಾವತಿದಂಡೆ ಅವರೇ, ಇಲ್ಲೂ ಪಕ್ಕದಲ್ಲೇ ಕೊಲಂಬಿಯಾ ನದಿ, ಅದರ ಮೇಲೆ ಸಾಲು ಸಾಲು ಅಣೆಕಟ್ಟು. ಮೂಲನಿವಾಸಿಗಳ ಮೀನುಗಾರಿಕೆ ಜಾಗಗಳು ಮುಳುಗಿದ ಇತಿಹಾಸ ಈ ನದಿಗೂ ಇದೆ.

ಕರೆಂಟ್‌ಬಿಲ್

ವಿಕಿರಣದ ಕಥೆ ಏನು? ಪರಮಾಣು ಸ್ಥಾವರಕ್ಕೆ ಇರುವಷ್ಟೇ ಬಿಗಿ ನಿಯಮ ಇದಕ್ಕೂ ಇದೆಯಾ?

ಪ್ಲಾಸ್ಮಾದಾರಿ

ಇಲ್ಲ. ಅಮೆರಿಕದ ಪರಮಾಣು ನಿಯಂತ್ರಣ ಆಯೋಗ 2023ರ ಏಪ್ರಿಲ್‌ನಲ್ಲಿ ಒಮ್ಮತದಿಂದ ತೀರ್ಮಾನ ಮಾಡಿತು. ಫ್ಯೂಷನ್ ಯಂತ್ರಗಳನ್ನು ರಿಯಾಕ್ಟರ್‌ಗಳ ನಿಯಮದಡಿ ತರುವುದಿಲ್ಲ. ಆಸ್ಪತ್ರೆ, ಸಂಶೋಧನಾಲಯಗಳ ಕಣವೇಗವರ್ಧಕಗಳಿಗೆ ಇರುವಂಥ ನಿಯಮ ಸಾಕು ಅಂದಿತು. 2024ರಲ್ಲಿ ಸಂಸತ್ತು ಅದನ್ನು ಕಾನೂನಾಗಿಯೂ ಬರೆಯಿತು. ಬಹಳಷ್ಟು ರಾಜ್ಯಗಳಿಗೆ ಇಂಥ ಲೈಸೆನ್ಸ್ ಕೊಡುವ ಅಧಿಕಾರ ಇದೆ. ವಾಷಿಂಗ್ಟನ್‌ನಲ್ಲಿ ಆ ಕೆಲಸ ಆರೋಗ್ಯ ಇಲಾಖೆಯದು.

ನನ್ನ ಅಭಿಪ್ರಾಯದಲ್ಲಿ ಇದು ಸರಿಯಾದ ತೀರ್ಮಾನ. ಫ್ಯೂಷನ್‌ನಲ್ಲಿ ಸರಪಳಿ ಕ್ರಿಯೆ ಇಲ್ಲ, ಏನಾದರೂ ಕೆಟ್ಟರೆ ಪ್ಲಾಸ್ಮಾ (ಯಂತ್ರದೊಳಗಿನ ಅತಿ ಬಿಸಿ ಅನಿಲ) ತಣ್ಣಗಾಗಿ ಕ್ರಿಯೆ ನಿಂತುಹೋಗುತ್ತದೆ. ಸಾವಿರಾರು ವರ್ಷ ಕಾಯಬೇಕಾದ ಬಳಸಿದ ಯುರೇನಿಯಂ ಇಂಧನವೂ ಇಲ್ಲ. ಆದರೆ ಏನೂ ಇಲ್ಲ ಅನ್ನುವುದೂ ತಪ್ಪು. ಡ್ಯೂಟೇರಿಯಂ-ಟ್ರಿಟಿಯಂ ಕ್ರಿಯೆಯ ಶಕ್ತಿಯಲ್ಲಿ 80% ನ್ಯೂಟ್ರಾನ್ ಜೊತೆ ಹೋಗುತ್ತದೆ. ಅದು ಬಡಿದು ಬಡಿದು ಒಳಗಿನ ಉಕ್ಕು ವಿಕಿರಣಶೀಲ ಆಗುತ್ತದೆ. ಅಂಥ ಭಾಗಗಳನ್ನು ಆಗಾಗ ಬದಲಿಸಿ ಜೋಪಾನವಾಗಿ ಇಡಬೇಕು. ಟ್ರಿಟಿಯಂ ನೀರಿನ ಜೊತೆ ಸುಲಭವಾಗಿ ಬೆರೆಯುತ್ತದೆ, ಸೋರದಂತೆ ನೋಡಿಕೊಳ್ಳಬೇಕು. ಸೋಲಾರ್ ಪಾರ್ಕ್‌ಗೆ ಈ ಹೊಣೆ ಇಲ್ಲ. ಎರಡನ್ನೂ ಒಂದೇ ಹೆಸರಿನಡಿ ಇಟ್ಟರೆ ಈ ವ್ಯತ್ಯಾಸ ಜನರ ಕಣ್ಣಿಗೆ ಬೀಳುವುದಿಲ್ಲ. ಫ್ಯೂಷನ್ನಿನ ಮೇಲೆ ಪ್ರೀತಿ ಇರುವವನಾಗಿ ಹೇಳುತ್ತೇನೆ, ಜನರಿಗೆ ಮೊದಲೇ ಎಲ್ಲ ಹೇಳಿಬಿಡಬೇಕು. ಆಮೇಲೆ ಗೊತ್ತಾದರೆ ನಂಬಿಕೆ ಹೋಗುತ್ತದೆ.

ನಮ್ಮ ದೇಶದ ಬಗ್ಗೆ ಯಾರಾದರೂ ಕೇಳುವ ಮೊದಲೇ ಒಂದು ಮಾತು. ಭಾರತ 2030ಕ್ಕೆ ಹಾಕಿಕೊಂಡ 50% ಗುರಿ ‘ಪಳೆಯುಳಿಕೆಯೇತರ’ ಸಾಮರ್ಥ್ಯದ್ದು. ಅದರಲ್ಲಿ ಪರಮಾಣು ಮೊದಲಿನಿಂದಲೂ ಸೇರಿದೆ. 2025ರ ಮಧ್ಯದಲ್ಲೇ ಆ ಗುರಿ ಮುಟ್ಟಿದ್ದೇವೆ. ಮುಂದೆ ಫ್ಯೂಷನ್ ಬಂದರೆ ಅಲ್ಲಿ ಜಾಗ ಇದ್ದೇ ಇದೆ. ಇಟರ್‌ನಲ್ಲಿ ನಾವೂ ಪಾಲುದಾರರು. ಅದರ ಬೃಹತ್ ಕ್ರಯೋಸ್ಟಾಟ್ (ಯಂತ್ರವನ್ನು ಸುತ್ತುವರಿದು ತಂಪು ಕಾಯುವ ಹೊರ ಪಾತ್ರೆ) ನಮ್ಮ ಹಜೀರಾದಲ್ಲೇ ತಯಾರಾಗಿ ಹಡಗಿನಲ್ಲಿ ಹೋಗಿದ್ದು.

ಹೊಸಬೆಳಕು

ಎಲ್ಲ ಓದಿದೆ. ಪಟ್ಟಿಯಲ್ಲಿ ಹೆಸರು ಬೇಕು ಅನ್ನುವುದನ್ನು ನಾನು ಬಿಡುವುದಿಲ್ಲ. ಆದರೆ ಎರಡು ಗುಂಪಿನ ದಾರಿ ನನಗೂ ಒಪ್ಪಿಗೆ. ವಾಷಿಂಗ್ಟನ್ ಥರ ಎರಡು ಗುಂಪು ಮಾಡಿ, ಎರಡನೆಯದರಲ್ಲಿ ಫ್ಯೂಷನ್ ಹೆಸರು ಸ್ಪಷ್ಟವಾಗಿ ಬರೆಯಲಿ, ಬರೀ ಅರ್ಥದಿಂದ ಊಹಿಸುವಂತೆ ಬಿಡಬಾರದು. ವಕೀಲರು ಅದೇ ಸಂದಿ ಹಿಡಿದು ವರ್ಷಗಟ್ಟಲೆ ಎಳೆಯುತ್ತಾರೆ.

ಕಾವೇರಿಕಣಿವೆ

ಅದಕ್ಕೆ ನನ್ನದೂ ಪೂರ್ತಿ ಒಪ್ಪಿಗೆ. ನಾನು ಇಲ್ಲಿನ ನಮ್ಮ ಕ್ಷೇತ್ರದ ಶಾಸಕರಿಗೆ ಪತ್ರ ಬರೆಯಬೇಕು ಅಂದುಕೊಂಡಿದ್ದೇನೆ. ಕೇಳುವುದು ಇಷ್ಟು. ರಿನ್ಯೂವಬಲ್ ಪಾಲನ್ನು ಮೊದಲಿನಂತೆ ಬೇರೆ ಮಾಡಿ. ಫ್ಯೂಷನ್ ಮತ್ತು ಪರಮಾಣುವಿಗೆ ಶೂನ್ಯ ಇಂಗಾಲದ ಬೇರೆ ಪಾಲು ಕೊಟ್ಟು, ಅಷ್ಟರ ಮಟ್ಟಿಗೆ ಒಟ್ಟು ಗುರಿಯನ್ನೂ ಏರಿಸಿ. ಜಾಲಕ್ಕೆ ನಿವ್ವಳ ಕರೆಂಟ್ ಕೊಟ್ಟ ಮೇಲೆಯೇ ಸರ್ಟಿಫಿಕೇಟ್ ಕೊಡಿ. ಸ್ಥಾವರ ಕೆಡವುವ ಖರ್ಚಿಗೆ ಕಂಪನಿಯಿಂದ ಮೊದಲೇ ಠೇವಣಿ ಇಡಿಸಿ.

ಬಿಟ್ಟುಹೋದದ್ದು ಇದ್ದರೆ ಹೇಳಿ.

ಸೂರ್ಯಪಾನ

‘ನಿವ್ವಳ’ ಅನ್ನುವುದನ್ನು ಎಲ್ಲಿ ಅಳೆಯಬೇಕು ಅಂತಲೂ ಬರೆಯಿರಿ ಸರ್. ಸ್ಥಾವರದ ಗೇಟಿನ ಮೀಟರ್‌ನಲ್ಲಿ, ಮ್ಯಾಗ್ನೆಟ್, ಪಂಪು, ತಂಪು ಮಾಡುವ ಯಂತ್ರ ಎಲ್ಲದರ ಬಳಕೆ ಕಳೆದ ಮೇಲೆ. ಪ್ಲಾಸ್ಮಾದಲ್ಲಿ ಎಷ್ಟು ಬಂತು ಅನ್ನುವ ಲೆಕ್ಕ ಬಿಲ್ಲಿಗೆ ಬರುವುದಿಲ್ಲ.

ಶರಾವತಿದಂಡೆ

ಮತ್ತೆ ಊರಿನವರ ಅಹವಾಲು ಸಭೆ ಆ ಕೌಂಟಿಯಲ್ಲೇ ನಡೆಯಬೇಕು ಅನ್ನುವ ಸಾಲು ಬೇಕೇ ಬೇಕು.

ಕಾವೇರಿಕಣಿವೆ

ಎರಡನ್ನೂ ಸೇರಿಸುತ್ತೇನೆ. ಪ್ಲಾಸ್ಮಾದಾರಿ ಅವರೇ, ಟ್ರಿಟಿಯಂ ಮತ್ತು ವಿಕಿರಣಶೀಲ ಉಕ್ಕಿನ ಭಾಗವನ್ನು ಶಾಸಕರಿಗೆ ಅರ್ಥವಾಗುವಂತೆ ಚಿಕ್ಕದಾಗಿ ನೀವೇ ಬರೆದುಕೊಡುತ್ತೀರಾ? ಪತ್ರ ಕಳಿಸುವ ಮೊದಲು ಕರಡನ್ನು ಇಲ್ಲಿ ಹಾಕುತ್ತೇನೆ, ಎಲ್ಲರೂ ತಿದ್ದಿ.